ಎರಡು ಪಟ್ಟಿಗಳು: ಸಿಂದಗಿಯ ತರಗತಿಯಲ್ಲಿ ಸಮಾನತೆ ಮತ್ತು ಸಮತೆಯ ಪಾಠ

ಸಿಂದಗಿ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಪಾಠವು ಸಂವಿಧಾನದ 14ನೆಯ ವಿಧಿಯಿಂದ 15ನೆಯ ವಿಧಿಗೆ ದಾಟುವ ದಿನ ತರಗತಿಯಲ್ಲಿ ಏಳುವ ಪ್ರಶ್ನೆ ಇಷ್ಟು ವರ್ಷಗಳಲ್ಲಿ ಬದಲಾಗಿಲ್ಲ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುವ 14ನೆಯ ವಿಧಿಯನ್ನು ವಿದ್ಯಾರ್ಥಿಗಳು ತಕರಾರಿಲ್ಲದೆ ಒಪ್ಪಿಕೊಳ್ಳುತ್ತಾರೆ. ಅದರ ಬೆನ್ನಿಗೇ, ಮಹಿಳೆಯರಿಗೂ ಮಕ್ಕಳಿಗೂ ವಿಶೇಷ ಏರ್ಪಾಡು ಮಾಡಬಹುದು, ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದವರಿಗೂ ಪರಿಶಿಷ್ಟ ಜಾತಿ, ಪಂಗಡಗಳಿಗೂ ಮಾಡಬಹುದು ಎನ್ನುವ 15ನೆಯ ವಿಧಿಯ ಉಪವಿಧಿಗಳು ಬಂದಾಗ ಹಿಂದಿನ ಬೆಂಚಿನಿಂದ "ಹಂಗಾದ್ರ ಸಮಾನ ಎಲ್ಲಿ ಉಳೀತ್ರಿ ಸರ್?" ಎಂಬ ಮಾತು ಬಂದೇ ಬರುತ್ತದೆ. ಕೇಳುವವರು ಕುಚೋದ್ಯಕ್ಕೆ ಕೇಳುವುದಿಲ್ಲ. ಒಂದೇ ಸಂವಿಧಾನದ ಎರಡು ಮಾತುಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದು ಅವರಿಗೆ ನಿಜವಾಗಿಯೂ ಅನ್ನಿಸುತ್ತದೆ. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕೊಡುವುದು ಸಮಾನತೆ, ಅವರವರ ಸ್ಥಿತಿಯನ್ನು ನೋಡಿ ಎಲ್ಲರೂ ಮುಟ್ಟಬೇಕಾದಲ್ಲಿಗೆ ಮುಟ್ಟುವಂತೆ ಕೊಡುವುದು ಸಮತೆ ಎಂದು ಎರಡು ಸಾಲು ಬರೆಸಿ ಮುಂದಕ್ಕೆ ಹೋದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಪ್ರಶ್ನೆ ಮಾತ್ರ ಹಾಗೆಯೇ ಉಳಿದು, ಮುಂದೆ ನೌಕರಿಯ ಅರ್ಜಿ ತುಂಬುವ ದಿನ ಕಹಿಯಾಗಿ ಹೊರಬರುತ್ತದೆ. ಆ ಕಹಿಯನ್ನು ಹಳೆಯ ವಿದ್ಯಾರ್ಥಿಗಳ ಮಾತಿನಲ್ಲಿ ಕೇಳಿದ್ದೇನೆ. ಆದ್ದರಿಂದಲೇ ಪಠ್ಯಕ್ರಮ ಕೊಡುವುದಕ್ಕಿಂತ ಹೆಚ್ಚಿನ ಅವಧಿಗಳನ್ನು ಈ ಪಾಠಕ್ಕೆ ಮೀಸಲಿಡುತ್ತೇನೆ.

ಈ ಭೇದವನ್ನು ವಿವರಿಸಲು ಶಿಕ್ಷಕರ ತರಬೇತಿಗಳಲ್ಲಿ ಸಾಮಾನ್ಯವಾಗಿ ತೋರಿಸುವ ಚಿತ್ರವೊಂದಿದೆ. ಬೇಲಿಯ ಆಚೆ ನಡೆಯುತ್ತಿರುವ ಆಟವನ್ನು ಮೂವರು ಇಣುಕಿ ನೋಡುತ್ತಿದ್ದಾರೆ. ಒಬ್ಬ ಎತ್ತರ, ಒಬ್ಬ ಮಧ್ಯಮ, ಒಬ್ಬ ಗಿಡ್ಡ. ಮೂವರಿಗೂ ಒಂದೊಂದು ಪೆಟ್ಟಿಗೆ ಕೊಟ್ಟರೆ ಗಿಡ್ಡನಿಗೆ ಆಟ ಕಾಣುವುದಿಲ್ಲ. ಎತ್ತರದವನ ಪೆಟ್ಟಿಗೆಯನ್ನೂ ಗಿಡ್ಡನಿಗೇ ಕೊಟ್ಟರೆ ಮೂವರಿಗೂ ಕಾಣುತ್ತದೆ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕ್ರೇಗ್ ಫ್ರೋಲ್ 2012ರಲ್ಲಿ ಮಾಡಿದ ಈ ಚಿತ್ರ ಹಲವು ರೂಪಗಳನ್ನು ತಾಳಿ ಜಗತ್ತಿನ ತುಂಬ ಹರಡಿದೆ. ಅದರ ಮೇಲೆ ನನಗೆ ಗಂಭೀರವಾದ ಆಕ್ಷೇಪವಿದೆ. ಎತ್ತರ, ಗಿಡ್ಡ ಎಂಬುದು ಹುಟ್ಟಿನಿಂದ ಬಂದದ್ದು. ಚಿತ್ರವನ್ನು ನೋಡಿದ ವಿದ್ಯಾರ್ಥಿ, ಕೊರತೆ ಇರುವುದು ಆ ಹುಡುಗನ ಮೈಯಲ್ಲಿಯೇ, ಉಳಿದವರು ಕರುಣೆಯಿಂದ ಪೆಟ್ಟಿಗೆ ಬಿಟ್ಟುಕೊಟ್ಟರು ಎಂದು ತಿಳಿದು ಮನೆಗೆ ಹೋಗುತ್ತಾನೆ. ನಮ್ಮ ಸಮಾಜದಲ್ಲಿ ಆದದ್ದು ಬೇರೆ. ಹಿಂದೆ ಉಳಿದವರ ಎತ್ತರಕ್ಕೇನೂ ಕೊರತೆಯಿಲ್ಲ. ಅವರು ನಿಂತ ನೆಲವೇ ತಗ್ಗಿನಲ್ಲಿದೆ, ಆ ತಗ್ಗು ಬಿದ್ದದ್ದು ಹೇಗೆ ಎಂಬುದಕ್ಕೆ ಇತಿಹಾಸವಿದೆ. ಆ ಇತಿಹಾಸವನ್ನು ಬಿಟ್ಟು ಪೆಟ್ಟಿಗೆಗಳನ್ನು ಮಾತ್ರ ತೋರಿಸುವ ಚಿತ್ರವನ್ನು ನಾನು ತರಗತಿಗೆ ತರುವುದಿಲ್ಲ.

ಅದರ ಬದಲು ಪರೀಕ್ಷಾ ಕೊಠಡಿಯಿಂದ ಮಾತು ತೆಗೆಯುತ್ತೇನೆ. ದೃಷ್ಟಿದೋಷವುಳ್ಳ ವಿದ್ಯಾರ್ಥಿಗೆ ಉತ್ತರ ಬರೆಯಲು ಸಹಾಯಕರನ್ನು ಕೊಡುತ್ತಾರೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಇದು ಅನ್ಯಾಯವೆಂದು ನನ್ನ ತರಗತಿಯಲ್ಲಿ ಒಬ್ಬರೂ ಹೇಳಿಲ್ಲ. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ, ಪಾಸಾಗಲು ಬೇಕಾದ ಅಂಕವೂ ಒಂದೇ, ಸಮಯ ಮಾತ್ರ ಹೆಚ್ಚು ಎಂಬುದನ್ನು ಅವರೇ ಗುರುತಿಸುತ್ತಾರೆ. ಆಗ ನಾನು ಕೇಳುವುದು ಇಷ್ಟೇ: ಇಲ್ಲಿ ಏಳದ ತಕರಾರು ಹಾಸ್ಟೆಲ್ ಸೀಟಿಗೆ, ಸ್ಕಾಲರ್‌ಶಿಪ್ಪಿಗೆ, ನೌಕರಿಗೆ ಬಂದಾಗ ಏಕೆ ಏಳುತ್ತದೆ? ಉತ್ತರವನ್ನು ತರಗತಿ ಬೇಗ ಹುಡುಕುತ್ತದೆ. ಕಣ್ಣು ಕಾಣದಿರುವುದು ಎಲ್ಲರಿಗೂ ಕಾಣುತ್ತದೆ. ಉಳಿದ ಕಾರಣಗಳು ಕಾಣುವುದಿಲ್ಲ. ಸಮತೆಯ ಪಾಠವೆಂದರೆ ಕಾಣದ ಕಾರಣವನ್ನು ಕಾಣುವಂತೆ ಮಾಡುವ ಕೆಲಸ ಎಂದು ನಾನು ನಂಬಿದ್ದೇನೆ. ಕಾಣುವಂತೆ ಮಾಡಬೇಕಾದರೆ ಅಳೆಯಬೇಕು.

ಅಳತೆಗೆ ನಮ್ಮ ಭಾಗದ ಮಕ್ಕಳಿಗೆ ಕಾಲುವೆಗಿಂತ ಒಳ್ಳೆಯ ಪಾಠವಿಲ್ಲ. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆಯ ನೀರು ಇಂಡಿ ಶಾಖಾ ಕಾಲುವೆಯಾಗಿ ಸಿಂದಗಿ, ಇಂಡಿ ತಾಲ್ಲೂಕುಗಳತ್ತ ಬರುತ್ತದೆ. ತಲೆಭಾಗದವರಿಗೆ ನೀರು ದಕ್ಕುತ್ತದೆ, ಕಾಲುವೆಯ ಕೊನೆಯ ಭಾಗದ ಟೇಲ್‌ಎಂಡ್ ರೈತರು ಧರಣಿ ಕೂರುತ್ತಾರೆ ಎಂಬ ಸುದ್ದಿಯನ್ನು ಅವರು ಚಿಕ್ಕಂದಿನಿಂದ ಕೇಳುತ್ತ ಬೆಳೆದಿದ್ದಾರೆ. ಇಷ್ಟು ದಿನ ಚಾಲು, ಇಷ್ಟು ದಿನ ಬಂದ್ ಎಂಬ ಪಾಳಿಯ ಲೆಕ್ಕ ಅವರ ಮನೆಯ ಮಾತು. ಹಲಗೆಯ ಮೇಲೆ ಒಂದು ಹೊಲಗಾಲುವೆಯನ್ನು ಎಳೆದು, ಅದರ ಉದ್ದಕ್ಕೂ ಹತ್ತು ಹೊಲಗಳನ್ನು ಗುರುತಿಸಿ, ಎಲ್ಲವೂ ಎರಡೆರಡು ಎಕರೆ, ಎಲ್ಲರಿಗೂ ಎರಡೆರಡು ಗಂಟೆ ನೀರು ಎಂದು ಬರೆಯುತ್ತೇನೆ. ಕಾಗದದ ಮೇಲೆ ಇದಕ್ಕಿಂತ ಸಮಾನವಾದ ಹಂಚಿಕೆ ಇರಲಾರದು. ಒಮ್ಮೆ ಇಂಡಿ ಕಡೆಯ ಹಳ್ಳಿಯಿಂದ ಬರುವ ಹುಡುಗನೊಬ್ಬ ನಾನು ಬರೆದು ಮುಗಿಸುವ ಮೊದಲೇ ಎದ್ದು, "ಕಡೀ ಹೊಲದಾವ ಏನ್ ಮಾಡಬೇಕ್ರಿ? ನೀರ ಅಲ್ಲಿಗಿ ಮುಟ್ಟೂದ್ರೊಳಗ ಅವನ ಪಾಳಿ ಅರ್ಧಾ ಮುಗೀತದ" ಎಂದ. ಒಣಗಿದ ಮಣ್ಣಿನ ಕಾಲುವೆ ಮೊದಲು ತಾನು ಕುಡಿಯುತ್ತದೆ, ಇಲಿ ತೋಡಿದ ಬಿಲಗಳಲ್ಲಿ ಒಂದಿಷ್ಟು ಸೋರುತ್ತದೆ, ಹುಲ್ಲು ಹೂಳಿನಲ್ಲಿ ಒಂದಿಷ್ಟು ನಿಲ್ಲುತ್ತದೆ, ಉಳಿದದ್ದು ಕೊನೆಯ ಹೊಲಕ್ಕೆ ತೆಳ್ಳಗೆ ಬಂದು ಸೇರುತ್ತದೆ ಎಂದು ಅವನು ತನ್ನ ತಂದೆಯ ಹೊಲದ ಪಾಳಿಯನ್ನೇ ವರ್ಣಿಸಿದ.

ಹಾಗಾದರೆ ಏನು ಮಾಡಬೇಕು ಎಂದು ಕೇಳಿದರೆ ತರಗತಿ ಹಂಚಿಹೋಗುತ್ತದೆ. ಕೊನೆಯವನಿಗೆ ಗಂಟೆ ಹೆಚ್ಚು ಮಾಡಬೇಕು ಎನ್ನುವವರು ಹಲವರು. ಪಾಳಿಯನ್ನು ಕೊನೆಯಿಂದ ಶುರು ಮಾಡಬೇಕು ಎನ್ನುವವರು ಕೆಲವರು. ಹಾಗೆ ಮಾಡಿದರೆ ಕಾಲುವೆ ತುಂಬುವ ಸಮಯ ಯಾರ ಲೆಕ್ಕಕ್ಕೆ ಎಂದು ತಲೆಭಾಗದವರ ಮಕ್ಕಳು ಕೇಳುತ್ತಾರೆ, ಆ ಪ್ರಶ್ನೆಯೂ ಸರಿಯಾದದ್ದೇ. ಕಾಲುವೆಗೆ ಸಿಮೆಂಟು ಹಾಕಿಸಿ ಸೋರಿಕೆ ನಿಲ್ಲಿಸಿದರೆ ಎಲ್ಲರಿಗೂ ಎರಡೇ ಗಂಟೆ ಸಾಕು ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಇನ್ನೊಂದು ಮಾತು ತಡವಾಗಿ, ಸ್ವಲ್ಪ ಅಳುಕಿನಿಂದ ಬರುತ್ತದೆ: ಕೃಷ್ಣಾ ಮೇಲ್ದಂಡೆ ಯೋಜನೆಯ ನೀರನ್ನು ಕಡಿಮೆ ನೀರು ಬೇಡುವ ಬೆಳೆಗಳ ಲೆಕ್ಕದಲ್ಲಿ ಹಂಚಿದ್ದರೂ ತಲೆಭಾಗದಲ್ಲಿ ಭತ್ತ, ಕಬ್ಬು ಹಾಕಿದವರಿದ್ದಾರೆ, ಅವರ ಹೊಲದಲ್ಲಿ ನಿಂತ ನೀರು ಕೊನೆಯವನ ಪಾಲಿನದು.

ನನ್ನ ಪಾಠಕ್ಕೆ ಬೇಕಾದದ್ದು ಬಹುಮಟ್ಟಿಗೆ ಈ ಉತ್ತರಗಳಲ್ಲಿಯೇ ಇದೆ. ಕೊನೆಯವನಿಗೆ ಹೆಚ್ಚು ಗಂಟೆ ಕೊಡುವುದು ದಾನವಲ್ಲ, ದಾರಿಯಲ್ಲಿ ಕಳೆದುಹೋದದ್ದರ ಭರ್ತಿ. ಎಷ್ಟು ಹೆಚ್ಚು ಕೊಡಬೇಕೆಂಬುದು ಅವನು ಎಷ್ಟು ಅತ್ತ ಎಂಬುದರಿಂದ ತೀರ್ಮಾನವಾಗುವುದಿಲ್ಲ, ಎಷ್ಟು ಸೋರಿತು ಎಂಬ ಅಳತೆಯಿಂದ ತೀರ್ಮಾನವಾಗುತ್ತದೆ. ಸೋರಿಕೆ ನಿಂತ ದಿನ ಹೆಚ್ಚುವರಿ ಗಂಟೆಯೂ ನಿಲ್ಲಬೇಕು. ಆದರೆ ಸೋರಿಕೆ ನಿಂತಿತೋ ಇಲ್ಲವೋ ಎಂಬುದನ್ನು ತಲೆಭಾಗದವನೊಬ್ಬನೇ ಹೇಳುವಂತಿಲ್ಲ. ಸಮಾನತೆ ಮತ್ತು ಸಮತೆ ಎದುರಾಳಿಗಳು ಎಂಬ ಕಲ್ಪನೆ ಇಲ್ಲಿ ಕಳಚಿ ಬೀಳುತ್ತದೆ. ಎಲ್ಲರ ಬೆಳೆಗೂ ಒಂದೇ ಪ್ರಮಾಣದ ನೀರು ಮುಟ್ಟಲಿ ಎಂಬುದೇ ಇಬ್ಬರ ಬೇಡಿಕೆ. ಒಬ್ಬರು ಗೇಟಿನ ಬಳಿ ನಿಂತು ಅಳೆಯುತ್ತಿದ್ದಾರೆ, ಇನ್ನೊಬ್ಬರು ಹೊಲದಲ್ಲಿ ನಿಂತು ಅಳೆಯುತ್ತಿದ್ದಾರೆ.

ಈ ಲೆಕ್ಕ ಮುಗಿದ ಮೇಲೆ ಜಾತಿಯ ವಿಷಯಕ್ಕೆ ಬರುತ್ತೇನೆ, ಅದಕ್ಕೆ ಮೊದಲು ಬರುವುದಿಲ್ಲ. ಕಾಣದ ಕಾರಣಗಳಲ್ಲಿ ಅತಿ ಹಳೆಯದು ಅದು, ಮಾತನಾಡಲು ಅತಿ ಕಷ್ಟವಾದದ್ದೂ ಅದೇ. ಇಲ್ಲಿ ಒಂದು ಎಚ್ಚರವನ್ನು ಎಲ್ಲ ಶಿಕ್ಷಕರಿಗೂ ಕೈಮುಗಿದು ಹೇಳಬೇಕೆನಿಸುತ್ತದೆ: ಕುಳಿತಿರುವ ಯಾವ ವಿದ್ಯಾರ್ಥಿಯನ್ನೂ ಉದಾಹರಣೆಯಾಗಿ ಎಬ್ಬಿಸಿ ನಿಲ್ಲಿಸಬಾರದು, ಸ್ಕಾಲರ್‌ಶಿಪ್ ಪಟ್ಟಿಯನ್ನು ವರ್ಗದ ಹೆಸರು ಸಹಿತ ತರಗತಿಯಲ್ಲಿ ಗಟ್ಟಿಯಾಗಿ ಓದಬಾರದು. ಸಮತೆಗಾಗಿ ಮಾಡಿದ ಏರ್ಪಾಡು ಮಗುವಿನ ತಲೆ ತಗ್ಗಿಸುವ ರೀತಿಯಲ್ಲಿ ಕೈಸೇರಿದರೆ ಅದರ ಉದ್ದೇಶವೇ ಕೆಡುತ್ತದೆ.

ಮಾತಿಗೆ ಇತಿಹಾಸವನ್ನು ಆಧಾರವಾಗಿ ತೆಗೆದುಕೊಳ್ಳುತ್ತೇನೆ, ಅದಕ್ಕೆ ದೂರ ಹೋಗಬೇಕಾಗಿಲ್ಲ. ನಿಪ್ಪಾಣಿಯ ಗಡಿ ದಾಟಿದರೆ ಸಿಗುವ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1902ರ ಜುಲೈ 26ರಂದು ತಮ್ಮ ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ಶೇಕಡ 50ನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಆದೇಶ ಹೊರಡಿಸಿ ಅವರು ಸುಮ್ಮನಾಗಲಿಲ್ಲ. ಹಳ್ಳಿಯಿಂದ ಓದಲು ಬರುವ ಬೇರೆ ಬೇರೆ ಸಮುದಾಯಗಳ ಹುಡುಗರಿಗೆ ವಿದ್ಯಾರ್ಥಿನಿಲಯಗಳನ್ನು ಕಟ್ಟಿಸಿಕೊಟ್ಟರು, 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಎಲ್ಲರಿಗೂ ಕಡ್ಡಾಯ ಮಾಡಿದರು. ಎಲ್ಲರಿಗೂ ಒಂದೇ ಬಗೆಯ ಶಾಲೆ, ಕೆಲವರಿಗೆ ವಸತಿ, ಕೆಲವರಿಗೆ ಹುದ್ದೆ, ಮೂರೂ ಒಬ್ಬರೇ ಅರಸರು ಮಾಡಿದ ಕೆಲಸಗಳು. ಹಾಸ್ಟೆಲಿನಲ್ಲಿದ್ದು ಓದುವ ನಮ್ಮ ಮಕ್ಕಳು ಈ ಭಾಗವನ್ನು ಬಹಳ ಗಮನವಿಟ್ಟು ಕೇಳುತ್ತಾರೆ.

ಮುಂದೆ ಸ್ವತಂತ್ರ ಭಾರತದಲ್ಲಿ ಇದೇ ಹಿಂದಿನ ಬೆಂಚಿನ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಯಿತು. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳನ್ನು ಸಮುದಾಯವಾರು ಹಂಚಿದ್ದ ಮದರಾಸು ಸರ್ಕಾರದ ಆದೇಶವನ್ನು ಚಂಪಕಂ ದೊರೈರಾಜನ್ ಪ್ರಕರಣದಲ್ಲಿ 1951ರಲ್ಲಿ ನ್ಯಾಯಾಲಯ ರದ್ದುಪಡಿಸಿತು. ಅದೇ ವರ್ಷ ಸಂಸತ್ತು ಸಂವಿಧಾನದ ಮೊದಲನೆಯ ತಿದ್ದುಪಡಿಯ ಮೂಲಕ 15ನೆಯ ವಿಧಿಗೆ, ಹಿಂದುಳಿದವರಿಗೂ ಪರಿಶಿಷ್ಟ ಜಾತಿ, ಪಂಗಡಗಳಿಗೂ ವಿಶೇಷ ಏರ್ಪಾಡು ಮಾಡಬಹುದು ಎನ್ನುವ 4ನೆಯ ಉಪವಿಧಿಯನ್ನು ಸೇರಿಸಿತು. 1975ರ ಎನ್.ಎಂ. ಥಾಮಸ್ ಪ್ರಕರಣ ನಮ್ಮ ಪರೀಕ್ಷಾ ಕೊಠಡಿಗೆ ಇನ್ನೂ ಹತ್ತಿರದ್ದು. ಬಡ್ತಿಗೆ ಬೇಕಾದ ಇಲಾಖಾ ಪರೀಕ್ಷೆಯಲ್ಲಿ ತೇರ್ಗಡೆಯಾಗಲು ಪರಿಶಿಷ್ಟ ಜಾತಿ, ಪಂಗಡಗಳ ನೌಕರರಿಗೆ ಕೇರಳ ಸರ್ಕಾರ ಹೆಚ್ಚಿನ ಕಾಲಾವಕಾಶ ಕೊಟ್ಟಿತ್ತು. ನ್ಯಾಯಾಲಯ ಅದನ್ನು ಎತ್ತಿಹಿಡಿದು, ಇಂಥ ಏರ್ಪಾಡು ಸಮಾನತೆಗೆ ಅಪವಾದವಲ್ಲ, ಸಮಾನತೆಯನ್ನು ನಿಜಗೊಳಿಸುವ ಮಾರ್ಗ ಎಂಬ ನಿಲುವಿಗೆ ಬಂದಿತು. ರಾಜಕೀಯದಲ್ಲಿ ಒಬ್ಬರಿಗೆ ಒಂದು ಮತ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ, ಈ ವೈರುಧ್ಯದೊಳಕ್ಕೆ ನಾವು ಕಾಲಿಡುತ್ತಿದ್ದೇವೆ ಎಂದು ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದ ಮಾತನ್ನು ಇಲ್ಲಿ ಓದಿಸುತ್ತೇನೆ. 14ನೆಯ ವಿಧಿಯ ಪಕ್ಕದಲ್ಲಿ 15ನೆಯ ವಿಧಿಯ ಉಪವಿಧಿಗಳು ಏಕೆ ಬೇಕಾದವು ಎಂಬುದಕ್ಕೆ ಆ ಭಾಷಣಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾನು ಕಂಡಿಲ್ಲ.

ಇಷ್ಟಾದರೂ ಪಾಠ ಮುಗಿಯುವುದಿಲ್ಲ, ಏಕೆಂದರೆ ಇಲ್ಲಿಯವರೆಗೆ ವಿದ್ಯಾರ್ಥಿ ಬೇರೆಯವರ ವಿಷಯದಲ್ಲಿ ನ್ಯಾಯ ಹೇಳುತ್ತಿದ್ದಾನೆ. ತನಗೆ ಸಿಕ್ಕಿದ್ದರ ಮತ್ತು ತನಗೆ ಸಿಗದಿದ್ದರ ವಿಷಯದಲ್ಲಿ ಒಂದೇ ಮಾತು ಹೇಳಬಲ್ಲನೇ ಎಂಬುದು ನಿಜವಾದ ಪರೀಕ್ಷೆ. ವಿಜಯಪುರ ಜಿಲ್ಲೆಯ ಮಕ್ಕಳಿಗೆ ಈ ಪರೀಕ್ಷೆ ಒಡ್ಡಲು ಎರಡು ಪಟ್ಟಿಗಳು ಸಿದ್ಧವಾಗಿಯೇ ಇವೆ.

ಮೊದಲನೆಯದು ತತ್ತಿಯ ಪಟ್ಟಿ. 2021ರ ಡಿಸೆಂಬರಿನಲ್ಲಿ ಸರ್ಕಾರ ಮಧ್ಯಾಹ್ನದ ಬಿಸಿಯೂಟದ ಜೊತೆ ಒಂದರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಮೊಟ್ಟೆ ಕೊಡಲು ಆರಂಭಿಸಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಅದು ರಾಜ್ಯಕ್ಕೆಲ್ಲ ಅಲ್ಲ, ಅಪೌಷ್ಟಿಕತೆ ಹೆಚ್ಚಿದ್ದ ಏಳು ಜಿಲ್ಲೆಗಳಿಗೆ ಮಾತ್ರ: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ನಮ್ಮ ವಿಜಯಪುರ. ಬಾಗಲಕೋಟೆ, ಬೆಳಗಾವಿ ಆ ಪಟ್ಟಿಯಲ್ಲಿ ಇರಲಿಲ್ಲ. ಮರುವರ್ಷ ಅದು ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಬಿಸಿಯೂಟದ ಕಥೆಯೂ ಇದೇ ಬಗೆಯದು. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ಉತ್ತರದ ಏಳು ಜಿಲ್ಲೆಗಳಲ್ಲಿ, ಆಗ ವಿಜಯಪುರದ ಜೊತೆ ಬಾಗಲಕೋಟೆಯೂ ಇತ್ತು, ಆಮೇಲೆ ರಾಜ್ಯದ ಎಲ್ಲ ಮಕ್ಕಳ ತಟ್ಟೆಗೂ ಅದೇ ಊಟ ಬಂತು. ಈಗ ನನ್ನ ಮುಂದೆ ಕುಳಿತವರು ಆ ಡಿಸೆಂಬರಿನಲ್ಲಿ ಪ್ರಾಥಮಿಕ ಶಾಲೆಯ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರು. "ಬಾಗಲಕೋಟಿ ಜಿಲ್ಲಾದಾಗ ಓದತಿದ್ದ ನಿಮ್ಮ ಸೋದರಮಾವನ ಮಗನಿಗೆ ಅದೇ ತಿಂಗಳು ತತ್ತಿ ಸಿಗಲಿಲ್ಲ. ಅದು ಸರಿಯೋ ತಪ್ಪೋ?" ಎಂದು ಕೇಳಿದರೆ ತರಗತಿ ಯೋಚನೆಗೆ ಬೀಳುತ್ತದೆ. "ನಮ್ಮ ಕಡೆ ಹುಡುಗೂರು ಬಾಳ ಸೊರಗಿದ್ರು ಅಂತ ಮೊದಲ ನಮಗ ಕೊಟ್ರಿ ಸರ್, ತೂಕಾ ನೋಡಿ ಕೊಟ್ಟಿರಬೇಕಲ್ರಿ" ಎಂದು ಹುಡುಗಿಯೊಬ್ಬಳು ಹೇಳಿದ್ದನ್ನು ನಾನು ಹಲಗೆಯ ಒಂದು ಬದಿಗೆ ಬರೆದು ಹಾಗೆಯೇ ಬಿಟ್ಟೆ.

ಎರಡನೆಯದು ಗಡಿಯ ಪಟ್ಟಿ. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371ಜೆ ವಿಧಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಸ್ಥಳೀಯರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ವಿಶೇಷ ಮೀಸಲಾತಿಗೆ ಅವಕಾಶ ಕೊಟ್ಟಿತು. ಆ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 70 ಸೀಟುಗಳು, ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ ಶೇಕಡ 75ರಿಂದ 85ರವರೆಗೆ ಸ್ಥಳೀಯರಿಗೆ ಮೀಸಲು. ತತ್ತಿಯ ಪಟ್ಟಿಯಲ್ಲಿ ನಮ್ಮ ಜೊತೆಗಿದ್ದ ಜಿಲ್ಲೆಗಳೆಲ್ಲ ಇದರಲ್ಲಿವೆ; ವಿಜಯಪುರ ಮಾತ್ರ ಇಲ್ಲ. ಸಿಂದಗಿಯಿಂದ ಕಲಬುರಗಿ ರಸ್ತೆ ಹಿಡಿದರೆ ಜೇವರ್ಗಿ ತಾಲ್ಲೂಕು, ಭೀಮಾ ನದಿ ದಾಟಿದರೆ ಅಫಜಲಪುರ ತಾಲ್ಲೂಕು, ಎರಡೂ ಕಡೆ ನೆಂಟಸ್ತಿಕೆ ಇಲ್ಲದ ಮನೆ ನಮ್ಮಲ್ಲಿ ವಿರಳ. "ಹೊಳಿ ದಾಟಿದ್ರ ನಮ್ಮ ಕಾಕಾನ ಮಗಗ ಮೀಸಲಾತಿ ಅದ, ನಮಗಿಲ್ಲ. ಹೊಲಾ ಅಂತಾವ, ಬರಾ ಅಂತಾದ, ಸಾಲಿ ಅಂತಾವ. ಇದಕ್ಕ ಏನಂತೀರಿ ಸರ್?" ಎಂದು ಒಬ್ಬ ಕೇಳಿದಾಗ ಇಡೀ ತರಗತಿ ಅವನ ಪರವಾಗಿತ್ತು.

ನಾನು ಉತ್ತರ ಹೇಳದೆ 2011ರ ಜನಗಣತಿಯ ಸಾಕ್ಷರತೆಯ ಅಂಕಿಗಳನ್ನು ಹಂಚಿದೆ. ರಾಜ್ಯದ ಸರಾಸರಿ ಶೇಕಡ 75ಕ್ಕೆ ಸ್ವಲ್ಪ ಮೇಲೆ. ಯಾದಗಿರಿ ಸುಮಾರು 52, ಕಲಬುರಗಿ ಸುಮಾರು 65, ವಿಜಯಪುರ ಸುಮಾರು 67. ಯಾದಗಿರಿಯ ಅಂಕಿಯನ್ನು ನೋಡಿ ಹಲವರ ಧ್ವನಿ ಇಳಿಯಿತು. ಆಮೇಲೆ ಒಬ್ಬಳು ಬೀದರ್ ಅನ್ನು ಹುಡುಕಿದಳು: 70ಕ್ಕೂ ಹೆಚ್ಚು, ಅಂದರೆ ನಮಗಿಂತ ಮೇಲೆ. ಧ್ವನಿಗಳು ಮತ್ತೆ ಏರಿದವು. ಈ ಗದ್ದಲವನ್ನು ಅಡಗಿಸಬೇಕೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ತನಗೆ ಸಿಗದ ಸೌಲಭ್ಯದ ಬಗ್ಗೆ ವಿದ್ಯಾರ್ಥಿಗಳು ಅಂಕಿ ಹಿಡಿದು ವಾದಿಸುತ್ತಿದ್ದರು, ಅಸೂಯೆ ಹಿಡಿದಲ್ಲ.

371ಜೆ ಅಳೆದದ್ದು ಒಂದು ವರ್ಷದ ಸಾಕ್ಷರತೆಯನ್ನಲ್ಲ, ಒಂದು ಚರಿತ್ರೆಯನ್ನು. ಹೊಳೆಯ ಆಚೆಯ ದಂಡೆ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಅಲ್ಲಿ ಆಡಳಿತದ ಭಾಷೆ ಉರ್ದು, ಕನ್ನಡದ ಮಗುವಿಗೆ ಕನ್ನಡದ ಶಾಲೆ ಸಿಗುವುದೇ ಕಷ್ಟವಾಗಿತ್ತು. ಈಚೆಯ ದಂಡೆ ಮುಂಬಯಿ ಪ್ರಾಂತದಲ್ಲಿತ್ತು. ಇಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿದಿದ್ದರು, ವಿಜಯಪುರದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ., ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಶಿಕ್ಷಣ ಸಂಸ್ಥೆಗಳು ಹುಟ್ಟಿದ್ದವು. ಹೊಳೆಯ ನೀರು ಒಂದೇ ಆಗಿದ್ದರೂ ಎರಡು ದಂಡೆಗಳ ಅಜ್ಜಂದಿರ ಶಾಲೆ ಒಂದೇ ಆಗಿರಲಿಲ್ಲ. ಚರಿತ್ರೆಯ ಅಳತೆ ಇಡೀ ಪ್ರದೇಶವನ್ನು ಒಟ್ಟಿಗೆ ಹಿಡಿಯುತ್ತದೆ. ಅದರ ಬಲವೂ ಅದೇ, ದೋಷವೂ ಅದೇ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಹಿಡಿಯಿತು. 35 ಸೂಚಕಗಳನ್ನು ಸೇರಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಿತು: ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35. ನಮ್ಮ ಜಿಲ್ಲೆಯ ತಾಲ್ಲೂಕುಗಳೂ ಅದರಲ್ಲಿದ್ದವು, ದಕ್ಷಿಣದ ಜಿಲ್ಲೆಗಳ ತಾಲ್ಲೂಕುಗಳೂ ಇದ್ದವು. ಅದು ಸೂಚಿಸಿದ ವಿಶೇಷ ಅಭಿವೃದ್ಧಿ ಯೋಜನೆಗೆ ಎಂಟು ವರ್ಷಗಳ ಅವಧಿಯನ್ನು ಹೇಳಿತ್ತು ಎಂಬುದನ್ನು ಕಾಲುವೆಯ ಸಿಮೆಂಟಿನ ಮಾತು ಆಡಿದವರು ತಕ್ಷಣ ಹಿಡಿದುಕೊಂಡರು.

ನನ್ನ ಅಭಿಪ್ರಾಯವನ್ನು ಅವರು ಕೇಳಿದರು, ನಾನು ಮುಚ್ಚಿಡಲಿಲ್ಲ. ಕಲ್ಯಾಣ ಕರ್ನಾಟಕಕ್ಕೆ ಸಿಕ್ಕಿದ್ದು ನ್ಯಾಯವಾಗಿಯೇ ಸಿಕ್ಕಿದೆ. ಅದರಲ್ಲಿ ಒಂದು ಸೀಟನ್ನೂ ಕಡಿಮೆ ಮಾಡಬೇಕಾಗಿಲ್ಲ. ಗಡಿಯ ಈಚೆಗಿರುವ ಹಿಂದುಳಿದ ತಾಲ್ಲೂಕುಗಳನ್ನು ಮತ್ತೆ ಅಳೆದು, ಅಳತೆಗೆ ತಕ್ಕ ಏರ್ಪಾಡು ಮಾಡಬೇಕೆಂಬುದು ಬೇರೆಯ ಬೇಡಿಕೆ, ಅದು ಕೂಡ ನ್ಯಾಯವಾದದ್ದೇ. ನೆರೆಯವನಿಗೆ ಏಕೆ ಕೊಟ್ಟಿರಿ ಎಂದು ಕೇಳುವುದಕ್ಕೂ ನನ್ನನ್ನು ಯಾವ ಅಳತೆಯಿಂದ ಅಳೆದಿರಿ ಎಂದು ಕೇಳುವುದಕ್ಕೂ ಇರುವ ಅಂತರವನ್ನು ಹದಿನಾರು ಹದಿನೇಳರ ವಯಸ್ಸಿನಲ್ಲಿ ಕಲಿತವರು ಮುಂದೆ ಗ್ರಾಮಸಭೆಯಲ್ಲಿಯೋ ಕಚೇರಿಯಲ್ಲಿಯೋ ಬೇರೆ ರೀತಿಯಲ್ಲಿ ಮಾತನಾಡುತ್ತಾರೆ ಎಂಬ ಭರವಸೆ ನನಗಿದೆ.

ಈ ಪಾಠದ ಕೊನೆಗೆ ಕೊಡುವ ಬರವಣಿಗೆಯ ಕೆಲಸ ಇದು: ನಿಮಗೆ ಸಿಕ್ಕ ಒಂದು ವಿಶೇಷ ಸೌಲಭ್ಯ, ನಿಮಗೆ ಸಿಗದ ಒಂದು ಸೌಲಭ್ಯ, ಎರಡನ್ನೂ ಆರಿಸಿಕೊಂಡು, ಎರಡಕ್ಕೂ ಒಂದೇ ಮೂರು ಪ್ರಶ್ನೆಗಳನ್ನು ಕೇಳಿ. ಯಾವ ಕೊರತೆಯನ್ನು ತುಂಬಲು ಇದನ್ನು ಮಾಡಿದರು? ಆ ಕೊರತೆಯನ್ನು ಹೇಗೆ ಅಳೆದರು? ಏನು ಬದಲಾದರೆ ಇದು ಬೇಡವಾಗುತ್ತದೆ? ಹುಡುಗಿಯರಲ್ಲಿ ಅನೇಕರು 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವನ್ನು ಆರಿಸಿಕೊಂಡರು. ಪಾಸಿಗೆ ಹಣ ಕಟ್ಟುವ ಹುಡುಗರು ಅದನ್ನೇ ಎರಡನೆಯ ಸ್ಥಾನದಲ್ಲಿಟ್ಟು ಬರೆದರು. ಹೊಳೆಯ ಆಚೆ ಕಾಕಾನ ಮಗನಿರುವ ಹುಡುಗ ತತ್ತಿಯನ್ನೂ 371ಜೆಯನ್ನೂ ತೆಗೆದುಕೊಂಡು, ಮೂರನೆಯ ಪ್ರಶ್ನೆಗೆ ನಂಜುಂಡಪ್ಪ ಸಮಿತಿಯ ಮಾದರಿಯಲ್ಲಿ ತನ್ನದೇ ಸೂಚಕಗಳನ್ನು ಬರೆದಿದ್ದ: ಊರಿನಿಂದ ವಿಜ್ಞಾನ ವಿಭಾಗವಿರುವ ಪಿಯು ಕಾಲೇಜಿಗೆ ಇರುವ ದೂರ, ಸಂಜೆಯ ಕೊನೆಯ ಬಸ್ಸು ಹೊರಡುವ ಹೊತ್ತು, ಕಬ್ಬು ಕಡಿಯಲು ಅಪ್ಪ ಅಮ್ಮ ಗುಳೆ ಹೋದಾಗ ಮಕ್ಕಳು ಶಾಲೆ ತಪ್ಪಿಸಿಕೊಳ್ಳುವ ತಿಂಗಳುಗಳು. ಇವುಗಳಲ್ಲಿ ಮೊದಲ ಎರಡನ್ನು ವಿದ್ಯಾರ್ಥಿಗಳೇ ತಮ್ಮ ತಮ್ಮ ಊರುಗಳಿಂದ ಸಂಗ್ರಹಿಸಿ ತರುತ್ತಿದ್ದಾರೆ. ಮೂರನೆಯದಕ್ಕೆ ಪ್ರಾಥಮಿಕ ಶಾಲೆಗಳ ಹಾಜರಿ ಪುಸ್ತಕಗಳನ್ನು ನೋಡಬೇಕಾಗುತ್ತದೆ, ಅದಕ್ಕೆ ಅನುಮತಿ ಕೇಳಿ ಅರ್ಜಿ ಬರೆದಿದ್ದೇವೆ.